ಅಗೆದವಳ ಸಾಕ್ಷಿ

ಗೋಡೆ ಎಬ್ಬಿಸಿ, ಶೀಟು ಹೊದಿಸಿ, ಬಾಗಿಲು ಕೂರಿಸಿ, ಅತ್ತೆಯನ್ನು ಕೈಹಿಡಿದು ಕರೆತಂದು ಒಳಗೆ ಕೂರಿಸಿದ ಮೇಲೆ ಹಾರೆಯಕ್ಕನಿಗೆ ಗೊತ್ತಾಯಿತು, ಆ ಜಾಗಕ್ಕೆ ನೀರಿಲ್ಲ ಎಂದು. ಇವತ್ತು ಬರಲಿಲ್ಲ, ನಾಳೆ ಬಂದೀತು ಎನ್ನುವ ಮಾತಲ್ಲ. ಅಲ್ಲಿಗೆ ನೀರು ಬರುವ ದಾರಿಯೇ ಇರಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ. ಜಾಗ ಕೊಳ್ಳುವ ಮುಂಚೆ ವಿಚಾರಿಸಬಾರದಿತ್ತೇ? ಬಯಲಲ್ಲಿ ಸೈಟು ತಗೊಳ್ಳುವವರು ನೀರಿದೆಯೋ, ಕರೆಂಟಿದೆಯೋ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೋ ನೋಡುವುದಿಲ್ಲವೇ? ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ ಎಲ್ಲರಿಗೂ ಇರುತ್ತದೆ. ಹಾರೆಯಕ್ಕ ವಿಚಾರಿಸಿರಲಿಲ್ಲ, ನಿಜ. ಯಾರನ್ನು ವಿಚಾರಿಸಬೇಕಿತ್ತು? ಆ ಜಾಗದ ನೀರಿನ ಪೈಪಿಗೆ ಗುಂಡಿ ಅಗೆದವಳೇ ಅವಳು.

ಹಾರೆಯಕ್ಕ ಎಂದು ಮೊದಲು ಕರೆದವನು ಮೇಸ್ತ್ರಿ. ಕೂಲಿ ಗುಂಪಿನಲ್ಲಿ ಗಂಡಸರು ಅಗೆಯುವುದು, ಹೆಂಗಸರು ಮಣ್ಣು ಹೊರುವುದು. ಇವಳು ಮಣ್ಣೂ ಹೊರುತ್ತಿದ್ದಳು, ಗಂಡ ಸುಸ್ತಾದಾಗ ಹಾರೆಗೂ ಕೈ ಹಾಕುತ್ತಿದ್ದಳು. ಗಟ್ಟಿ ನೆಲ ಸಿಕ್ಕರೆ ಅವನ ಏಟಿಗಿಂತ ಇವಳ ಏಟೇ ಆಳಕ್ಕೆ ಇಳಿಯುತ್ತಿತ್ತು. ಮೇಸ್ತ್ರಿ ನಕ್ಕು ಹೆಸರಿಟ್ಟ. ಹೆಸರು ಗಂಡಸಿನ ಕೆಲಸದ್ದು ಸಿಕ್ಕಿತು, ಕೂಲಿ ಹೆಂಗಸಿನದೇ ಉಳಿಯಿತು.

ಪೈಪಿನ ಗುಂಡಿ ಅಗೆಯುವ ಕ್ರಮ ಹೀಗೆ. ಬೆಳಿಗ್ಗೆ ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾನೆ. ಒಂದು ಜೋಡಿಗೆ ಹತ್ತು ಮಾರು. ನಿನ್ನ ಹತ್ತು ಮಾರು ಅಗೆ, ಮೇಸ್ತ್ರಿ ಕೋಲು ಇಳಿಸಿ ಆಳ ನೋಡುತ್ತಾನೆ, ಆಮೇಲೆ ಮನೆಗೆ ಹೋಗು. ನಾಳೆ ಇನ್ನೆಲ್ಲೋ ಹತ್ತು ಮಾರು. ಆ ಗುಂಡಿಯ ತಲೆ ಎಲ್ಲಿ, ಬಾಲ ಎಲ್ಲಿ, ಅಗೆಯುವವರಿಗೆ ತಿಳಿಯುವುದಿಲ್ಲ. ಯಾರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಜನ ಅವಳನ್ನು ಕೇಳಿದ್ದು ಎಷ್ಟು ಆಳ ಆಯಿತು ಎಂದು ಮಾತ್ರ. ಅವಳೂ ಗಂಡನೂ ಅಗೆದ ಗುಂಡಿಗಳಲ್ಲಿ ಪೈಪು ಕೂತು ಊರಿನ ಬಚ್ಚಲುಮನೆಗಳಲ್ಲಿ ಬಿಸಿನೀರು ತಣ್ಣೀರು ಸುರಿಯಿತು. ಅವರು ಬಾಡಿಗೆಗಿದ್ದ ಓಣಿಯಲ್ಲಿ ನಲವತ್ತು ಮನೆಗೆ ಒಂದು ನಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರ ಕೈ ಕೆಸರಾಗಿಯೇ ಇತ್ತು, ಮೊಸರು ತಿಂದವರು ಬೇರೆ.

ಊರಿನ ಹೆದ್ದಾರಿ ದಾಟಿ ಎರಡು ಮೈಲಿ ಹೋದರೆ ಕುರುಚಲು ಬೆಳೆದ ಬಯಲು. ಒಬ್ಬ ಸಾಹುಕಾರ ಅದನ್ನು ಕೊಂಡು, ಕಲ್ಲು ನೆಡಿಸಿ, ಸೈಟು ಮಾಡಿ ಮಾರುತ್ತಿದ್ದ. ಸಾಹುಕಾರನನ್ನು ಕೂಲಿಯವರು ಕಂಡದ್ದು ಕಾರಿನ ಗಾಜಿನ ಹಿಂದೆ ಮಾತ್ರ. ಅಲ್ಲಿ ನಿಂತು ಮಾತಾಡುವವನು, ಬೈಯುವವನು, ನಗುವವನು ಎಲ್ಲ ಅವನ ಮ್ಯಾನೇಜರ್. ಭಾನುವಾರ ಭಾನುವಾರ ವ್ಯಾನಿನಲ್ಲಿ ಗಿರಾಕಿಗಳನ್ನು ಕರೆತರುತ್ತಿದ್ದ.

ಬಯಲಿನ ನಡುವೆ ಒಂದು ದಿಬ್ಬ. ಪೈಪು ಮಟ್ಟವಾಗಿ ಹೋಗಬೇಕೆಂದರೆ ಅಲ್ಲಿ ಆಳು ಮುಳುಗುವಷ್ಟು ಅಗೆಯಬೇಕು. ಮೇಲೆ ಗಟ್ಟಿ ಕೆಂಪು ಮಣ್ಣು. ಎದೆಮಟ್ಟ ಇಳಿದರೆ ಹಳದಿ ಮರಳುಮಣ್ಣು, ನಿಲ್ಲದ ಮಣ್ಣು. ಅಂಥ ಕಡೆ ಗುಂಡಿಯ ಬಾಯಿ ಅಗಲ ಮಾಡಿ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು. ಇಲ್ಲವೇ ಎರಡೂ ಕಡೆ ಹಲಗೆ ಕೊಡಬೇಕು. ಇದು ಅಗೆಯುವ ಎಲ್ಲರಿಗೂ ಗೊತ್ತು. ಅಗೆಸುವವರಿಗೂ ಗೊತ್ತು.

"ಮೇಸ್ತ್ರಿ, ಈ ಮಣ್ಣು ನಿಲ್ಲಲ್ಲ. ಇನ್ನೊಂದು ದಿನ ಕೊಡಿ, ಬಾಯಿ ಅಗಲ ಮಾಡ್ತೀವಿ" ಎಂದ ಗಂಡ.

"ಭಾನುವಾರ ಗಿರಾಕಿ ಬರ್ತಾರಂತೆ. ಅಷ್ಟರಲ್ಲಿ ಗುಂಡಿ ಕಾಣ್ಬೇಕಂತೆ. ನೀನೇನಪ್ಪ, ಹೆಂಗಸರ ಥರ ಹೆದರ್ತೀಯ?"

"ಹೆಂಗಸರಿಗಿರೋದು ಹೆದರಿಕೆ ಅಲ್ಲ ಮೇಸ್ತ್ರಿ, ಬುದ್ಧಿ" ಎಂದಳು ಹಾರೆಯಕ್ಕ. ಗುಂಪು ನಕ್ಕಿತು. ಗಂಡನೂ ನಕ್ಕ. ಅದು ಅವನ ಕೊನೆಯ ನಗು ಎಂದು ಅಲ್ಲಿ ಯಾರಿಗೆ ಗೊತ್ತಿತ್ತು?

ಹನ್ನೊಂದು ಗಂಟೆ ಇರಬೇಕು. ಅವಳು ಬಾಂಡ್ಲಿ ಹೊತ್ತು ಹೋಗಿ, ಮಣ್ಣು ಸುರಿದು, ತಿರುಗಿ ನೋಡಿದಳು. ಗುಂಡಿ ಇರಲಿಲ್ಲ. ದೊಡ್ಡ ಸದ್ದೇನೂ ಆಗಿರಲಿಲ್ಲ, ಗೋಣಿಚೀಲ ಕೆಳಗಿಟ್ಟಷ್ಟೇ ಸದ್ದು. ಅವಳು ಓಡಿ ಬಂದು ಕೈಯಲ್ಲೇ ಬಗೆಯತೊಡಗಿದಳು. "ಸಲಿಕೆ ತಗೋ, ಸಲಿಕೆ ತಗೋ" ಎಂದು ಮೇಸ್ತ್ರಿ ಮೇಲಿನಿಂದ ಕಿರುಚಿದ. ಅವಳು ಮುಟ್ಟಲಿಲ್ಲ. ಸಲಿಕೆಯ ಅಂಚು ಅವನ ತಲೆಗೆ ಬಿದ್ದರೆ? ಗುಂಪಿನವರೂ ಕೈಯಲ್ಲೇ ಬಗೆದರು. ಉಗುರು ಕಿತ್ತುಹೋದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಮೊದಲು ಸಿಕ್ಕಿದ್ದು ಕೂದಲು. ಆಮೇಲೆ ಹಣೆ. ಬಾಯಿ ತುಂಬ ಹಳದಿ ಮಣ್ಣು. ಅವಳು ಬೆರಳು ಹಾಕಿ ಆ ಮಣ್ಣು ತೆಗೆದಳು, ಮತ್ತೆ ತೆಗೆದಳು. ಮೈ ಇನ್ನೂ ಬೆಚ್ಚಗಿತ್ತು. ಉಸಿರು ಮಾತ್ರ ಇರಲಿಲ್ಲ.

ಎರಡು ವಾರದ ಮೇಲೆ ಮ್ಯಾನೇಜರ್ ಓಣಿಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಾಚೆಯೇ ನಿಂತ.

"ಕೇಸು ಗೀಸು ಅಂತ ಹೊರಟ್ರೆ ವರ್ಷಗಟ್ಟಲೆ ಅಲೀತೀಯ. ಸಾಹುಕಾರರು ದೊಡ್ಡ ಮನಸ್ಸು ಮಾಡಿದ್ದಾರೆ. ಒಂದು ಸೈಟು, ಅರ್ಧ ಬೆಲೆಗೆ. ನೀರಿನ ಲೈನ್ ನಿನ್ನ ಮನೆ ಮುಂದೇನೇ ಹೋಗುತ್ತೆ."

ಅರ್ಧ ಬೆಲೆ. ಗಂಡನ ಜೀವ ಅರ್ಧ ಸೈಟಿಗೆ ಸಮ, ಉಳಿದರ್ಧಕ್ಕೆ ಹೆಂಡತಿಯೇ ದುಡ್ಡು ಕಟ್ಟಬೇಕು. ಹಾರೆಯಕ್ಕ ಬೇಡವೆನ್ನಲು ಬಾಯಿ ತೆರೆದಳು. ಆದರೆ ಒಳಗಿನಿಂದ ಅತ್ತೆ ಮಾತಾಡಿದಳು. ಅತ್ತೆಗೆ ಕಣ್ಣು ಮಬ್ಬು, ನಾಲಿಗೆ ಚುರುಕು.

"ತಗೋಳೇ. ನನ್ನ ಮಗ ಅಗೆದ ಪೈಪಿನ ನೀರು. ಅವನೇ ತಂದುಕೊಟ್ಟ ಅಂತ ಕುಡೀತೀನಿ. ಈ ನಲ್ಲಿ ಹತ್ರ ಜಗಳ ಆಡೋಕೆ ನನಗಿನ್ನು ಹಲ್ಲೂ ಇಲ್ಲ."

ಆ ಮಾತಿಗೆ ಹಾರೆಯಕ್ಕ ಸೋತಳು. ಅವನಂತೂ ಬರುವುದಿಲ್ಲ. ಅವನು ಜೀವ ಕೊಟ್ಟ ನೀರಾದರೂ ಮನೆಬಾಗಿಲಿಗೆ ಬರಲಿ ಎನ್ನಿಸಿತು. ಮ್ಯಾನೇಜರ್ ಅವಳನ್ನು ಕರೆದುಕೊಂಡು ಹೋಗಿ ಬಡಾವಣೆಯ ಗೇಟಿನ ಪಕ್ಕದ ನಲ್ಲಿ ತಿರುಗಿಸಿದ. ನೀರು ಧೋ ಎಂದು ಬಿತ್ತು. ಅವಳು ಬೊಗಸೆಯೊಡ್ಡಿ ಎರಡು ಗುಟುಕು ಕುಡಿದು, ಅಲ್ಲೇ ಕೂತು ಅತ್ತುಬಿಟ್ಟಳು.

ಒಬ್ಬನೇ ಒಬ್ಬ ಬೇಡವೆಂದಿದ್ದ. ಓಣಿಗೆ ನೀರು ಬಿಡುವವನು, ಬೀಗದ ಕೈ ಹಿಡಿದು ಸೈಕಲ್ಲಿನಲ್ಲಿ ಓಡಾಡುವವನು.

"ಅಕ್ಕ, ಸಹಿ ಹಾಕೋ ಮುಂಚೆ ನೀರಿನ ಆಫೀಸಿಗೆ ಹೋಗು. ಆ ಜಾಗದ ನಕ್ಷೆ ತೆಗೆಸಿ ನೋಡು. ಲೈನ್ ಎಲ್ಲಿಂದ ಬರುತ್ತೆ, ಕನೆಕ್ಷನ್ ಕೊಡ್ತಾರಾ ಇಲ್ವಾ, ಬರಹದಲ್ಲಿ ಕೇಳು. ಬಾಯಿಮಾತು ನಂಬಬೇಡ."

"ಅಗೆದವಳಿಗೇ ನಕ್ಷೆ ತೋರಿಸೋಕೆ ಬಂದ್ಯಾ? ನಿನಗೆ ಗೊತ್ತಿರೋದು ಕೀಲಿ ತಿರುಗಿಸೋದು ತಮ್ಮ. ನೆಲದೊಳಗೆ ಏನಿದೆ ಅಂತ ನನ್ನ ಕೇಳು."

ಅವನು ಸೈಕಲ್ ಹತ್ತಿ ಹೋದ. ಗಂಡನನ್ನು ಅದೇ ಗುಂಡಿಯಿಂದ ಎತ್ತಿಕೊಂಡು ಬಂದವಳ ಎದುರು ಯಾರು ಎರಡನೇ ಮಾತು ಆಡುತ್ತಾರೆ?

ಮನೆಯಾಯಿತು. ಇಟ್ಟಿಗೆ ಹೊತ್ತವಳೂ ಅವಳೇ, ಗಾರೆ ಕಲಸಿದವಳೂ ಅವಳೇ. ಕನೆಕ್ಷನ್ನಿಗೆ ಅರ್ಜಿ ಹಿಡಿದು ನೀರಿನ ಆಫೀಸಿಗೆ ಹೋದಳು. ಹೋದ ಪುಟ್ಟ ಬಂದ ಪುಟ್ಟ ಎನ್ನುವ ಹಾಗೆ ಮೂರು ಸಲ ಹೋಗಿ ಬಂದಳು. ನಾಲ್ಕನೇ ಸಲ ಗುಮಾಸ್ತ ತಲೆಯೆತ್ತಿದ. ನೋಡಿದ್ದು ಅರ್ಜಿಯನ್ನಲ್ಲ, ಅವಳ ಕಾಲನ್ನು.

"ಅಲ್ಲೇ ನಿಲ್ಲಮ್ಮ, ಅಲ್ಲೇ. ಈಗ ತಾನೇ ಒರೆಸಿದ್ದಾರೆ."

ಅವಳು ಬಾಗಿಲ ಬಳಿ ನಿಂತಳು. ಅವನು ಅಲ್ಲಿಂದಲೇ ಕೂಗಿ ಹೇಳಿದ. "ನಿಮ್ಮ ಸರ್ವೆ ನಂಬರಿಗೆ ನಮ್ಮ ಲೈನೇ ಇಲ್ಲ. ಲೈನ್ ಹೆದ್ದಾರಿ ಈ ಕಡೆಗೇ ನಿಂತುಹೋಗುತ್ತೆ. ಆ ಕಡೆ ಹಾಕೋ ಯೋಜನೆನೂ ಇಲ್ಲ."

"ಇದೆ ಸಾರ್. ನಾನೇ ಅಗೆದಿದ್ದೀನಿ."

"ಅಗೆದ್ರೆ ನೀರು ಬರುತ್ತೇನಮ್ಮ? ಹಾಗಿದ್ರೆ ಹೆಗ್ಗಣಕ್ಕೂ ಒಂದು ಕನೆಕ್ಷನ್ ಕೊಡ್ಬೇಕು."

ನಾಲ್ಕು ಮೇಜಿನಲ್ಲಿ ಕೂತವರು ನಕ್ಕರು. ಕಸ ಗುಡಿಸುವವಳು ಮಾತ್ರ ನಗಲಿಲ್ಲ. ಹಾರೆಯಕ್ಕ ನಿಂತಿದ್ದ ಕಡೆ ಉದುರಿದ ಮಣ್ಣನ್ನು ಆಮೇಲೆ ಗುಡಿಸಬೇಕಾದವಳು ಅವಳು.

ಹಾರೆಯಕ್ಕ ನೆಟ್ಟಗೆ ಮ್ಯಾನೇಜರನ ಹತ್ತಿರ ಹೋದಳು. ಗೇಟಿನ ನಲ್ಲಿ ತಿರುಗಿಸಿದಳು. ಹನಿ ಬೀಳಲಿಲ್ಲ. ಅದರ ಹಿಂದೆ ಗೋಡೆಯ ಮರೆಯಲ್ಲಿ ಒಂದು ಕಪ್ಪು ಟ್ಯಾಂಕು ಇತ್ತು. ಶನಿವಾರ ಟ್ಯಾಂಕರ್ ಬಂದು ತುಂಬಿಸಿದರೆ ಭಾನುವಾರ ನಲ್ಲಿಯಲ್ಲಿ ನೀರು. ಅವಳು ಕುಡಿದು ಅತ್ತದ್ದು ಆ ನೀರನ್ನು.

"ಲೈನ್ ಬರುತ್ತಮ್ಮ, ಬಂದೇ ಬರುತ್ತೆ" ಎಂದ ಮ್ಯಾನೇಜರ್, ಬೆಣ್ಣೆಯಂಥ ದನಿಯಲ್ಲಿ. "ಅಲ್ಲೀವರೆಗೂ ಪ್ರತಿ ಶುಕ್ರವಾರ ನಿನಗೆ ಒಂದು ಡ್ರಮ್ ನೀರು ಹಾಕಿಸ್ತೀನಿ, ಪುಕ್ಕಟೆ. ನೀನೂ ನಮ್ಮ ಮರ್ಯಾದೆ ಉಳಿಸ್ಬೇಕು. ಭಾನುವಾರ ಬಂದೋರು ಕೇಳಿದ್ರೆ, ನೀರು ಬರುತ್ತೆ ಅನ್ನು. ಅಷ್ಟೇ. ಸುಳ್ಳೇನಲ್ಲ, ಡ್ರಮ್ಮಿಗೆ ಬರುತ್ತಲ್ಲ."

ಅವಳು ಒಪ್ಪಿದಳು. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವುದು ಬೇಡ. ಬಾಯಾರಿದವಳು ಒಪ್ಪಿದಳು. ಮನೆಯಲ್ಲಿ ಮುದುಕಿ, ನೀರು ತರಲು ಹೆದ್ದಾರಿಯವರೆಗೆ ಎರಡು ಮೈಲಿ ಹೋಗಬೇಕು, ಎರಡು ಮೈಲಿ ಹೊತ್ತು ಬರಬೇಕು, ಅದರ ಮೇಲೆ ದಿನದ ಕೂಲಿ. ಭಾನುವಾರ ವ್ಯಾನು ಬಂದರೆ ಅವಳು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನೋಡಿ, ಈಗಾಗಲೇ ಮನೆ ಕಟ್ಟಿದ್ದಾರೆ. ಪೈಪ್ ಲೈನಿಗೆ ಅಗೆದವರೇ ಇವರು. ಕೇಳಿ ಬೇಕಾದ್ರೆ" ಎನ್ನುತ್ತಿದ್ದ ಮ್ಯಾನೇಜರ್. ಜನ ಕೇಳುತ್ತಿದ್ದರು. "ಬರುತ್ತೆ" ಎನ್ನುತ್ತಿದ್ದಳು.

ಹಾಗೆ ಕೇಳಿ ಹೋದವರಲ್ಲಿ ಒಬ್ಬ ಇಸ್ತ್ರಿಯವನು. ಗಂಡ ಹೆಂಡತಿ ಇಬ್ಬರೇ. ಪಕ್ಕದ ಸೈಟು ಕೊಂಡು, ತಗಡಿನ ಮನೆ ಮಾಡಿಕೊಂಡು, ಇಸ್ತ್ರಿಪೆಟ್ಟಿಗೆ ಮೇಜು ಸಮೇತ ಬಂದ. ಬಂದ ಮೂರನೇ ದಿನ ಅವನ ಹೆಂಡತಿ ಖಾಲಿ ಕೊಡ ಹಿಡಿದು ಹಾರೆಯಕ್ಕನ ಬಾಗಿಲಿಗೆ ಬಂದಳು.

"ಅಕ್ಕ, ನಿಮಗೆ ನೀರು ಎಷ್ಟು ಹೊತ್ತಿಗೆ ಬರುತ್ತೆ? ನಮಗಿನ್ನೂ ಬಂದೇ ಇಲ್ಲ."

ಹಾರೆಯಕ್ಕ ಡ್ರಮ್ಮಿನಿಂದ ಮೊಗೆದು ಅವಳ ಕೊಡ ತುಂಬಿಸಿದಳು. ಅವಳು ಡ್ರಮ್ಮನ್ನೇ ನೋಡಿದಳು. ಸಂಜೆ ಇಸ್ತ್ರಿಯವನು ಬಂದು ನಿಂತ. ಬೈಯುತ್ತಾನೆ, ಬೈಯಲಿ, ಎರಡು ಹೊಡೆದರೂ ಹೊಡೆಯಲಿ ಎಂದು ಹಾರೆಯಕ್ಕ ತಲೆ ತಗ್ಗಿಸಿ ಕಾದಳು. ಅವನು, "ನೀನೂನಾ ಅಕ್ಕ?" ಎಂದ. ಅಷ್ಟೇ ಹೇಳಿ ಹೋದ. ಅವಳು ಆ ರಾತ್ರಿ ಊಟ ಮಾಡಲಿಲ್ಲ. ಮಣ್ಣು ಹೊತ್ತವಳಿಗೆ ಯಾವ ಭಾರವೂ ಹೊಸದಲ್ಲ, ಆದರೆ ಈ ಮಾತನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಅಂದಿನಿಂದ ಡ್ರಮ್ಮಿನ ಅರ್ಧ ನೀರು ಅವರಿಗೆ ಹೋಗುತ್ತಿತ್ತು. ಅವನು ಮಾತು ಬಿಟ್ಟಿದ್ದ, ನೀರು ಬಿಟ್ಟಿರಲಿಲ್ಲ. ಬಾಯಾರಿಕೆಗೆ ಸಿಟ್ಟು ಗೊತ್ತಾಗುವುದಿಲ್ಲ.

ಅತ್ತೆಗೆ ಇದ್ಯಾವುದೂ ತಿಳಿಯದು. ಲೈನು ಹಾಕಿದೆ, ಆಫೀಸಿನವರು ಕೀಲಿ ತಿರುಗಿಸಿಲ್ಲ ಎಂದು ಹಾರೆಯಕ್ಕ ಅವಳಿಗೆ ಹೇಳಿಟ್ಟಿದ್ದಳು. "ನನ್ನ ಮಗ ಅಷ್ಟು ಆಳದಲ್ಲಿ ಮಲಗಿಸಿದ್ದಾನೆ ಪೈಪನ್ನ. ಮೇಲೆ ಬರೋಕೆ ಹೊತ್ತು ಬೇಕು ಬಿಡು" ಎಂದು ಮುದುಕಿ ತಾನೇ ಸಮಾಧಾನ ಮಾಡುತ್ತಿದ್ದಳು. ಅದನ್ನು ಕೇಳುವಾಗ ಹಾರೆಯಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಗುತ್ತಿತ್ತು.

ಮತ್ತೊಂದು ಭಾನುವಾರ. ವ್ಯಾನಿನಿಂದ ಎಂಟು ಹತ್ತು ಜನ ಇಳಿದರು. ಅವರಲ್ಲಿ ಒಬ್ಬಳು ಆಸ್ಪತ್ರೆಯ ಆಯಾ. ಮಂಡಿ ನೋವಿನವಳು, ಹೆಜ್ಜೆಗೊಮ್ಮೆ ತೊಡೆಯ ಮೇಲೆ ಕೈ ಊರುವವಳು. ಫಿನೈಲಿನಿಂದ ಬಿರಿದ ಬೆರಳು. ಎಲ್ಲರೂ ಗೇಟಿನ ನಲ್ಲಿ ನೋಡಿ ತಲೆಯಾಡಿಸಿದರೆ ಅವಳು ಮಾತ್ರ ನಲ್ಲಿಯ ಹಿಂದೆ ಹೋಗಿ ಗೋಡೆ ಬಗ್ಗಿ ನೋಡಿದಳು. ಆಮೇಲೆ ಒಬ್ಬಳೇ ಹಾರೆಯಕ್ಕನ ಮನೆಗೆ ನಡೆದು ಬಂದಳು. ಮ್ಯಾನೇಜರ್ ಹಿಂದೆಯೇ ಓಡಿ ಬಂದ.

"ನೀರಿನ ಆಫೀಸಿಗೆ ಹೋಗಿದ್ದೆ ಅಕ್ಕ. ಸೋಮವಾರ ಬಾ ಅಂದ್ರು. ಇವರು ನೋಡಿದ್ರೆ ಇವತ್ತೇ ಮುಂಗಡ ಕೊಡಿ, ಇಲ್ಲದಿದ್ರೆ ಸೈಟು ಹೋಗುತ್ತೆ ಅಂತಾರೆ. ಈ ಗುಂಡಿ ಅಗೆದಿದ್ದು ನೀವೇನಂತೆ?"

"ಹೂಂ. ನಾನೂ ನನ್ನ ಗಂಡನೂ."

"ಹಾಗಾದ್ರೆ ನೀವೊಂದು ಮಾತು ಹೇಳಿಬಿಡಿ. ನನಗೆ ಇವರ ಕಾಗದ ತಿಳಿಯಲ್ಲ. ಕೈಯಾರೆ ಕೆಲಸ ಮಾಡಿದೋರ ಮಾತು ನಂಬ್ತೀನಿ. ಮೂವತ್ತು ವರ್ಷ ಆಸ್ಪತ್ರೆ ನೆಲ ಒರೆಸಿದ್ದೀನಿ. ಯಾವ ರೂಮು ನಿಜವಾಗಿ ಸ್ವಚ್ಛ ಇದೆ ಅಂತ ಡಾಕ್ಟರಿಗೆ ಗೊತ್ತಿರಲ್ಲ, ನನಗೆ ಗೊತ್ತಿರುತ್ತೆ."

ಹಾರೆಯಕ್ಕ ಆ ಬಿರಿದ ಬೆರಳು ನೋಡಿದಳು. ಇಂಥ ಮಾತನ್ನೇ ಅಲ್ಲವೇ ತಾನೂ ನೀರು ಬಿಡುವವನಿಗೆ ಹೇಳಿದ್ದು? ಅಗೆದವಳಿಗೆ ಗೊತ್ತು, ಒರೆಸಿದವಳಿಗೆ ಗೊತ್ತು. ಆ ನಂಬಿಕೆಯನ್ನೇ ಹಗ್ಗ ಮಾಡಿ ಇವರು ಒಬ್ಬೊಬ್ಬರನ್ನೇ ಕಟ್ಟಿ ತರುತ್ತಿದ್ದರು. ಹಗ್ಗದ ತುದಿ ಹಿಡಿದು ನಿಂತವಳು ತಾನು. ಅವಳಿಗೆ ಹೇಸಿಗೆಯಾಯಿತು.

"ಇಲ್ಲ" ಎಂದಳು.

"ಏನಂದ್ರಿ?"

"ನೀರಿಲ್ಲ. ಬರಲ್ಲ. ಆ ನಲ್ಲಿ ಟ್ಯಾಂಕಿಂದು. ನನಗೆ ವಾರಕ್ಕೊಂದು ಡ್ರಮ್ ಹಾಕ್ತಾರೆ, ಸುಳ್ಳು ಹೇಳು ಅಂತ. ಕೊಡಬೇಡಿ ದುಡ್ಡು."

ಮ್ಯಾನೇಜರ್ ನಕ್ಕ. ದೊಡ್ಡದಾಗಿ, ಎಲ್ಲರಿಗೂ ಕೇಳುವ ಹಾಗೆ ನಕ್ಕ. "ಪಾಪ, ಗಂಡ ಸತ್ತಾಗಿನಿಂದ ಇವಳಿಗೆ ತಲೆ ಸರಿ ಇಲ್ಲ. ಸೈಟು ಕೊಟ್ಟು ಸಾಕಿದ್ದೀವಿ. ಬನ್ನಿ ಅಮ್ಮ, ನಾವು ಆ ಕಡೆ ನೋಡೋಣ. ಪೈಪು ನೆಲದಡಿಯಲ್ಲಿ ಇದ್ದೇ ಇದೆ."

ವ್ಯಾನಿನ ಜನ ಮ್ಯಾನೇಜರನ ಶರಟು ನೋಡಿದರು, ಹಾರೆಯಕ್ಕನ ಸೀರೆ ನೋಡಿದರು, ಅವನ ಮಾತು ನಂಬಿದರು. ನಂಬುವುದು ಹೀಗೆಯೇ.

ಹಾರೆಯಕ್ಕ ಒಳಗೆ ಹೋಗಿ ಹಾರೆ, ಸಲಿಕೆ ತಂದಳು. ಯಾರ ಕಡೆಗೂ ನೋಡದೆ ದಿಬ್ಬಕ್ಕೆ ನಡೆದಳು. ಗಂಡ ಹೋದ ಮೇಲೆ ಅವಳು ಆ ದಿಬ್ಬಕ್ಕೆ ಕಾಲಿಟ್ಟಿರಲಿಲ್ಲ, ಸುತ್ತು ಹಾಕಿ ಓಡಾಡುತ್ತಿದ್ದಳು. ಆದರೆ ಜಾಗ ಮರೆಯಲು ಸಾಧ್ಯವೇ? ಅಲ್ಲಿ ನಿಂತು ಹಾರೆ ಎತ್ತಿ ಹಾಕಿದಳು.

"ಏಯ್, ಲೈನ್ ಮುಟ್ಟಿದ್ರೆ ಪೊಲೀಸರನ್ನ ಕರೀತೀನಿ!"

"ಕರೀರಿ. ಬರೋವಾಗ ಸಲಿಕೆ ತರೋಕೆ ಹೇಳಿ."

ಅವಳು ಗುಂಡಿಯ ಬಾಯಿ ಅಗಲ ಮಾಡಿದಳು. ಗೋಡೆಯನ್ನು ಇಳಿಜಾರಾಗಿ ಕಡಿದಳು. ಅವತ್ತು ಹೇಗೆ ಅಗೆಯಬೇಕಿತ್ತೋ ಹಾಗೆಯೇ ಅಗೆದಳು. ಮ್ಯಾನೇಜರ್ ಜನರನ್ನು ವ್ಯಾನಿಗೆ ತುಂಬಿಸಿಕೊಂಡು ಹೊರಟ. ಆಯಾ ಹತ್ತಲಿಲ್ಲ. ದಿಬ್ಬದ ಅಂಚಿನಲ್ಲಿ ನೋಯುವ ಕಾಲು ಚಾಚಿ ಕೂತಳು. ಸ್ವಲ್ಪ ಹೊತ್ತಿಗೆ ಇಸ್ತ್ರಿಯವನು ಗುದ್ದಲಿ ಹಿಡಿದು ಬಂದ. ಅವನ ಹೆಂಡತಿ ಬಾಂಡ್ಲಿ ತಂದಳು. ಅವನು ಇಳಿದು, ಅವಳ ಪಕ್ಕ ನಿಂತು, ಮಣ್ಣು ಎಳೆಯತೊಡಗಿದ.

ಬಿಸಿಲು ನೆತ್ತಿ ದಾಟಿತು. ಮಣ್ಣು ಮೆತ್ತಗಿತ್ತು. ಒಮ್ಮೆ ಅಗೆದು ತುಂಬಿದ ಮಣ್ಣು ಅಗೆಯಲು ಸುಲಭ. ಸೊಂಟದ ಮಟ್ಟ ಆಯಿತು, ಎದೆಯ ಮಟ್ಟ ಆಯಿತು. ಹಳದಿ ಮಣ್ಣು ಬಂತು. ಅಲ್ಲಿ ಅವಳು ಸಲಿಕೆ ಕೆಳಗಿಟ್ಟಳು. ಮೊಣಕಾಲೂರಿ ಕೈಯಲ್ಲಿ ಬಗೆದಳು. ಅಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಗೊತ್ತು, ಕೈಗೆ ಗೊತ್ತಿರಲಿಲ್ಲ.

"ಅಕ್ಕ, ನಾನು ಅಗೀತೀನಿ, ನೀನು ಮೇಲೆ ಹೋಗು" ಎಂದ ಇಸ್ತ್ರಿಯವನು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

"ಬೇಡ ತಮ್ಮ. ಇಷ್ಟು ನನ್ನದು."

ಆಳು ಮುಳುಗುವ ಮಟ್ಟ ಬಂತು. ಅವತ್ತು ಮೇಸ್ತ್ರಿಯ ಕೋಲು ಮುಟ್ಟಬೇಕಿದ್ದ ಮಟ್ಟ. ಅಗೆಯದ ಗಟ್ಟಿ ನೆಲ ಹಾರೆಗೆ ಠಣ್ ಎಂದಿತು. ಪೈಪು ಇರಲಿಲ್ಲ. ಆ ಕಡೆ ಒಂದು ಮಾರು ತೆಗೆದರು, ಈ ಕಡೆ ಒಂದು ಮಾರು ತೆಗೆದರು. ಪೈಪಿನ ಚೂರೂ ಇಲ್ಲ. ನೀರಿಲ್ಲದ ಪೈಪಾದರೂ ಇರುತ್ತದೆ ಎಂದುಕೊಂಡಿದ್ದಳು. ಒಣ ಪೈಪನ್ನು ಎತ್ತಿ ತೋರಿಸುತ್ತೇನೆ ಎಂದು ಬಂದಿದ್ದಳು. ಆಗ ನೆನಪಾಯಿತು. ಗುಂಡಿಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದ ಪೈಪುಗಳನ್ನು ಒಂದು ವಾರ ಗೇಟಿನ ಹತ್ತಿರ, ಇನ್ನೊಂದು ವಾರ ದಿಬ್ಬದ ಹತ್ತಿರ ಇವರಿಂದಲೇ ಹೊರಿಸಿದ್ದರು. ಬಾಯಿ ಸೀಳಿದ ಅದೇ ಪೈಪು ಎರಡೂ ಕಡೆ ಇತ್ತು. ಅವಳು ನೋಡಿದ್ದಳು, ಯಾಕೆಂದು ಕೇಳಿರಲಿಲ್ಲ. ಗುಂಡಿ ಬೇಕಾಗಿದ್ದದ್ದು ಭಾನುವಾರದ ಜನರಿಗೆ ತೋರಿಸುವುದಕ್ಕೆ. ತೋರಿಸಿ ಆದ ಮೇಲೆ ಮುಚ್ಚುವುದಕ್ಕೆ.

ಅವಳು ಗುಂಡಿಯ ತಳದಲ್ಲಿ ಕೂತುಬಿಟ್ಟಳು. ಅಳು ಬರಲಿಲ್ಲ. ಮೇಲಿನಿಂದ ಆಯಾ, "ಅಕ್ಕ, ಏನಾದ್ರೂ ಸಿಕ್ತಾ?" ಎಂದು ಕೇಳಿದಳು. ಇಸ್ತ್ರಿಯವನು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು.

ಠಾಣೆಯಲ್ಲಿ ದೂರು ಆಗಲೇ ಬರೆದಿತ್ತು. ಬಡಾವಣೆಯ ಕುಡಿಯುವ ನೀರಿನ ಪೈಪ್ ಲೈನ್ ಒಡೆದು ನಷ್ಟ ಮಾಡಿದ್ದಾಳೆ. ಏಡು, ಅಂದರೆ ಹೆಡ್ ಕಾನ್‌ಸ್ಟೇಬಲ್, ಅದನ್ನು ಓದಿ ಹೇಳಿದ.

"ಯಾವ ಪೈಪು ಸಾರ್?" ಎಂದಳು ಹಾರೆಯಕ್ಕ.

"ನನ್ನನ್ನೇ ಕೇಳ್ತೀಯಾ?"

ಮ್ಯಾನೇಜರ್ ಕುರ್ಚಿಯಲ್ಲಿ ಕೂತಿದ್ದ. ಅವಳು ನೆಲದ ಮೇಲೆ. ಅವನು ಬಗ್ಗಿ ಮೆಲ್ಲಗೆ ಹೇಳಿದ. "ದುಃಖದಲ್ಲಿ ಬುದ್ಧಿಗೆಟ್ಟು ಪೈಪು ಒಡೆದೆ, ತಪ್ಪಾಯ್ತು ಅಂತ ಒಂದು ಸಹಿ ಹಾಕು. ದೂರು ವಾಪಸ್ ತಗೋತೀವಿ. ಶುಕ್ರವಾರದ ಡ್ರಮ್ಮೂ ಬರುತ್ತೆ."

ಕಾಗದ ಅವಳ ಮುಂದೆ ಇತ್ತು. ಒಂದು ಗಳಿಗೆ ಅವಳಿಗೆ ಸಹಿ ಹಾಕಿಬಿಡುವ ಆಸೆಯಾಯಿತು. ನೀರಿನ ಆಸೆಗಲ್ಲ. ಸಹಿ ಹಾಕಿದರೆ ಅಲ್ಲೊಂದು ಪೈಪು ಇತ್ತು ಎಂದು ಸರಕಾರದ ಕಾಗದದಲ್ಲಿ ಉಳಿಯುತ್ತದೆ. ಅವನು ಪೈಪಿಗಾಗಿ ಸತ್ತ ಎಂದಾದರೂ ಆಗುತ್ತದೆ. ಕೈ ಪೆನ್ನಿನವರೆಗೂ ಹೋಯಿತು. ಉಗುರು ಮತ್ತೆ ಬೆಳೆದಿತ್ತು, ಸೊಟ್ಟಗೆ, ಅದರ ತುಂಬ ಹಳದಿ ಮಣ್ಣು. ಅವಳು ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಇಲ್ಲದ ಪೈಪನ್ನ ಹೇಗೆ ಒಡೀಲಿ ಸಾರ್? ಗುಂಡಿ ತೆರೆದೇ ಇದೆ. ಬನ್ನಿ, ಒಂದು ಸಲ ಬಗ್ಗಿ ನೋಡಿ. ಆಮೇಲೆ ನನ್ನ ಎಲ್ಲಿಗೆ ಬೇಕಾದ್ರೂ ಹಾಕಿ."

ಯಾರೂ ಬರಲಿಲ್ಲ. ಆ ದಿನ, ಆ ರಾತ್ರಿ ಅವಳನ್ನು ಅಲ್ಲೇ ಕೂರಿಸಿದರು. ಮಾರನೆಯ ದಿನ ಮಧ್ಯಾಹ್ನ ಆಯಾ ಕುಂಟುತ್ತ ಬಂದಳು. ನೀರಿನ ಆಫೀಸಿನಲ್ಲಿ ಗಲಾಟೆ ಮಾಡಿ, ಮೇಜಿನ ಮುಂದೆ ನೆಲದ ಮೇಲೆ ಕೂತು, ಆ ಸರ್ವೆ ನಂಬರಿನಲ್ಲಿ ಯಾವ ಲೈನೂ ಇಲ್ಲ ಎಂದು ಬರೆಸಿ, ಮೊಹರು ಹಾಕಿಸಿ ತಂದಿದ್ದಳು. ಏಡು ಅದನ್ನು ಎರಡು ಸಲ ಓದಿದ. "ಸದ್ಯಕ್ಕೆ ಹೋಗು. ಕರೆದಾಗ ಬರ್ಬೇಕು" ಎಂದ. ಕೇಸು ಹಾಗೆಯೇ ಉಳಿಯಿತು. ಸಾಹುಕಾರನ ಮೇಲೆ ಹಾರೆಯಕ್ಕ ಕೊಟ್ಟ ದೂರನ್ನು ಏಡು ತೆಗೆದುಕೊಳ್ಳಲಿಲ್ಲ.

ಅವಳು ಬಯಲಿಗೆ ಬರುವಾಗ ಇಳಿಹೊತ್ತು. ದಿಬ್ಬದ ಮೇಲೆ ಗುಂಡಿ ಮುಚ್ಚಿತ್ತು. ಯಂತ್ರದ ಚಕ್ರದ ಗುರುತು ಹಸಿಯಾಗಿಯೇ ಇತ್ತು. ಇಸ್ತ್ರಿಯವನು ತಡೆಯಲು ಹೋಗಿ ಏಟು ತಿಂದಿದ್ದ, ತುಟಿ ಊದಿತ್ತು. "ಅತ್ತೆಗೆ ನಾನೇನೂ ಹೇಳಿಲ್ಲ ಅಕ್ಕ. ಬಾಯಿ ಬರ್ಲಿಲ್ಲ" ಎಂದ.

ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಹೆಜ್ಜೆ ಸದ್ದಿಗೇ ಸೊಸೆಯೆಂದು ತಿಳಿದು ಕೈ ಚಾಚಿದಳು. ಹಾರೆಯಕ್ಕ ಪಕ್ಕದಲ್ಲಿ ಕೂತಳು.

"ಹೊಡೆದ್ರೇನೇ?"

"ಇಲ್ಲ ಅತ್ತೆ."

"ಊಟ ಕೊಟ್ರಾ?"

"ಕೊಟ್ರು."

"ಇವನು ಏನೂ ಬಾಯಿ ಬಿಡ್ತಿಲ್ಲ. ಅಗೆದ್ಯಂತಲ್ಲ. ಪೈಪು ಎಲ್ಲಾದ್ರೂ ಒಡೆದಿತ್ತಾ? ಅದಕ್ಕೇ ನೀರು ಬರ್ತಿರ್ಲಿಲ್ವಾ? ರಿಪೇರಿ ಮಾಡಿದ್ರೆ ಬರುತ್ತೇನೋ."

ಮುದುಕಿಯ ಮುಖದಲ್ಲಿ ಆಸೆ ಇತ್ತು. ಹೂಂ ಎಂದುಬಿಟ್ಟರೆ ಆಯಿತು. ಇನ್ನು ಎಷ್ಟು ದಿನ ಇರುತ್ತಾಳೆ ಈಕೆ? ಆದರೆ ಹಾರೆಯಕ್ಕನಲ್ಲಿ ಒಂದು ಸುಳ್ಳಿಗೂ ತ್ರಾಣ ಉಳಿದಿರಲಿಲ್ಲ.

"ಪೈಪೇ ಇರ್ಲಿಲ್ಲ ಅತ್ತೆ. ಹಾಕೇ ಇರ್ಲಿಲ್ಲ. ಜನಕ್ಕೆ ತೋರಿಸೋಕೆ ಗುಂಡಿ ಅಗೆಸಿದ್ರು, ಆಮೇಲೆ ಮುಚ್ಚಿದ್ರು."

ಅತ್ತೆ ಮುಖ ತಿರುಗಿಸಿದಳು. ಮಬ್ಬುಗಣ್ಣು ದಿಬ್ಬದ ಕಡೆಗೆ ಇತ್ತು. ಅವಳಿಗೆ ಅದು ಕಾಣುವುದಿಲ್ಲ.

"ಹಾಗಾದ್ರೆ ನನ್ನ ಮಗ ಅಷ್ಟು ಆಳಕ್ಕೆ ಯಾಕೆ ಇಳಿದ?"

ಹಾರೆಯಕ್ಕ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಇಳಿ ಅಂದ್ರು ಅತ್ತೆ. ಇಳಿದ."